ಒಂದು ಒತ್ತಿದರೆ ಒಂದೇ

ಆ ಔಷಧಿ ಅಂಗಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಮೂರು ಸಲದಕ್ಕ. ಮನೆಯಿಂದ ಹೊರಟರೆ ಬೀಗವನ್ನು ಮೂರು ಸಲ ಜಗ್ಗಿ ನೋಡಬೇಕು. ಗ್ಯಾಸ್ ಒಲೆ ಆರಿದೆಯೇ ಎಂದು ಮೂರು ಸಲ ಬಗ್ಗಿ ನೋಡಬೇಕು. ಬಸ್ಸಿನಲ್ಲಿ ಕೂತ ಮೇಲೂ ಪರ್ಸು ಇದೆಯೇ ಎಂದು ಮೂರು ಸಲ ಚೀಲ ತಡವಬೇಕು. "ಆ ಬೀಗ ಒಂದಿನ ಕಿತ್ತು ನಿನ್ನ ಕೈಗೇ ಬರುತ್ತೆ ನೋಡು, ಕಳ್ಳರಿಗೆ ಕೆಲಸವೇ ಇರಲ್ಲ" ಎಂದು ಗಂಡ ಗೇಲಿ ಮಾಡುತ್ತಿದ್ದ. ಅವಳು ನಗುತ್ತಿದ್ದಳು, ನಕ್ಕು ಮುಗಿಸಿ ಮತ್ತೊಂದು ಸಲ ಜಗ್ಗುತ್ತಿದ್ದಳು.

ಪುಕ್ಕಲುತನ ಅವಳ ಹುಟ್ಟುಗುಣ. ಆದರೆ ಅದೇ ಪುಕ್ಕಲುತನಕ್ಕೆ ಸಂಬಳ ಕೊಡುವ ಜಾಗ ಅವಳಿಗೆ ಸಿಕ್ಕಿತ್ತು. ಆ ಅಂಗಡಿಯಲ್ಲಿ ವಯಸ್ಸಾದವರಿಗೆ ವಾರದ ಮಾತ್ರೆಗಳನ್ನು ಹೊತ್ತಿಗೊಂದರಂತೆ ಪೊಟ್ಟಣ ಕಟ್ಟಿಕೊಡುತ್ತಿದ್ದರು. ಪ್ರತಿ ಪೊಟ್ಟಣದ ಮೇಲೂ ಯಾವ ಹೊತ್ತು, ಯಾವ ಮಾತ್ರೆ, ಎಷ್ಟು ಎಂಬ ಚೀಟಿ. ಆ ಚೀಟಿ ಮಾಡುವವಳು ಇವಳು. ಕಂಪ್ಯೂಟರಿನಲ್ಲಿ ಮಾತ್ರೆಯ ಹೆಸರಿನ ಪಕ್ಕ ಕೂಡಿಸುವ ಗುರುತು ಇರುತ್ತದೆ. ಮೌಸಿನಿಂದ ಅದನ್ನು ಒಂದು ಸಲ ಒತ್ತಿದರೆ ಒಂದು ಮಾತ್ರೆ, ಎರಡು ಸಲ ಒತ್ತಿದರೆ ಎರಡು. ಹಳೆಯ ವಾರದ್ದನ್ನು ನಕಲು ಮಾಡುವಂತಿಲ್ಲ, ಪ್ರತಿ ವಾರವೂ ಡಾಕ್ಟರ ಚೀಟಿ ನೋಡಿ ಹೊಸದಾಗಿ ಒತ್ತಲೇಬೇಕು ಎಂಬುದು ಅಂಗಡಿಯ ಯಜಮಾನರ ಕಟ್ಟಪ್ಪಣೆ. ಒತ್ತಿ ಮುಗಿದ ಮೇಲೆ ತಾಳೆ ಪುಟ ಎಂಬುದೊಂದನ್ನು ತೆರೆಯಬೇಕು. ಅದರಲ್ಲಿ ಒಂದು ಕಡೆ ಡಾಕ್ಟರ ಚೀಟಿಯ ಚಿತ್ರ, ಇನ್ನೊಂದು ಕಡೆ ಇವಳು ಒತ್ತಿದ ಲೆಕ್ಕ. ಎರಡನ್ನೂ ಸಾಲು ಸಾಲಾಗಿ ಹೊಂದಿಸಿ ನೋಡಿದ ಮೇಲೆಯೇ ಚೀಟಿ ಅಚ್ಚಾಗಬೇಕು. ಉಳಿದ ಅಂಗಡಿಗಳಲ್ಲಿ ಒಂದು ಸಲ ನೋಡುತ್ತಾರೆ. ಇವಳು ಎಷ್ಟು ಸಲ ನೋಡುತ್ತಿದ್ದಳು ಎಂದು ಹೇಳಬೇಕಾಗಿಲ್ಲ. ಆರು ವರ್ಷದಲ್ಲಿ ಒಂದೇ ಒಂದು ತಪ್ಪಿಲ್ಲ. ಪೊಟ್ಟಣಕ್ಕೆ ಮಾತ್ರೆ ತುಂಬುವ ಯಜಮಾನರು ಡಾಕ್ಟರ ಚೀಟಿಯ ಕಡೆ ತಿರುಗಿಯೂ ನೋಡದೆ ಇವಳ ಚೀಟಿ ನೋಡಿಯೇ ತುಂಬುತ್ತಿದ್ದರು.

ಎರಡು ತಿಂಗಳಿಂದ ಅವಳ ಬಲಗೈ ಕೈಕೊಟ್ಟಿತ್ತು. ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಉರಿ. ಮನೆಯಲ್ಲಿ ಎರಡು ಲೋಟ ಕೈಜಾರಿ ಒಡೆದವು. ರಾತ್ರಿ ಕೈಯನ್ನು ದಿಂಬಿನ ಮೇಲಿಟ್ಟು ಮಲಗಬೇಕಾಗಿತ್ತು. ಯಜಮಾನರಿಗೆ ಹೇಳಲು ಹೆದರಿಕೆ, ಎಲ್ಲಿ ಈ ಕೈಯಿಂದ ಆಗುವುದಿಲ್ಲ ಎಂದು ಬೇರೆಯವರನ್ನು ತಂದು ಕೂರಿಸುತ್ತಾರೋ ಎಂದು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಕೈಗೆ ಸ್ವಲ್ಪ ಬಿಡುವು ಕೊಡಲು ತನಗೆ ತಾನೇ ಒಂದು ಉಪಾಯ ಮಾಡಿಕೊಂಡಳು. ತಾಳೆ ಪುಟ ತೆರೆಯಲು ಮೂರು ಸಲ ಒತ್ತಬೇಕು, ಕೆಳಗೆ ಮೇಲೆ ಉರುಳಿಸಬೇಕು, ಮುಚ್ಚಲು ಮತ್ತೆ ಒತ್ತಬೇಕು. ಹೊಸಬರ ಚೀಟಿಗಾದರೆ ಸರಿ. ವರ್ಷಗಟ್ಟಲೆ ಅದೇ ಮಾತ್ರೆ ನುಂಗುವ ಹಳಬರಿಗೂ ಯಾಕೆ? ಅವರ ಲೆಕ್ಕ ಬೆರಳಿಗೇ ಬಾಯಿಪಾಠ. ಹತ್ತು ದಿನದಿಂದ ಹಳಬರಿಗೆ ತಾಳೆ ಪುಟ ತೆರೆಯುವುದನ್ನು ಬಿಟ್ಟಿದ್ದಳು. ಬೀಗವನ್ನು ಮಾತ್ರ ಈಗಲೂ ಮೂರು ಸಲ ಜಗ್ಗುತ್ತಿದ್ದಳು. ಮನುಷ್ಯನ ಹೆದರಿಕೆಗೆ ತಲೆ ಬುಡ ಇರುವುದಿಲ್ಲ, ನೋಡಬೇಕಾದ ಕಡೆ ಬಿಟ್ಟು ಬೇರೆಲ್ಲ ಕಡೆ ನೋಡುತ್ತದೆ.

ಆವತ್ತು ಬೆಳಿಗ್ಗೆ ಅವಳು ಕೈ ಕೊಡವಿಕೊಳ್ಳುವುದನ್ನು ಯಜಮಾನರು ನೋಡಿದರು.

"ಏನಾಯ್ತು ಕೈಗೆ?"

"ಕೈಗೇನಿಲ್ಲ ಸಾರ್. ಈ ಮೌಸು ಹಳೇದು. ವೈರು ಎಳೀತದೆ."

"ಅದನ್ನ ಮೊದಲೇ ಹೇಳೋದಲ್ವಾ? ಮಧ್ಯಾಹ್ನ ಹೋಗಿ ಹೊಸದು ತಗೊಂಡ್ಬನ್ನಿ. ವೈರಿಲ್ಲದ್ದೇ ತನ್ನಿ. ಕೈಗೂ ಹಿತವಾಗಿರ್ಲಿ, ಜೇಬಿಗೂ ಹಿತವಾಗಿರ್ಲಿ. ಹಳೇದನ್ನ ಜೊತೇಲಿ ಒಯ್ಯಿರಿ, ಅಳತೆಗೆ ಬೇಕಾಗುತ್ತೆ."

ಹನ್ನೆರಡು ಗಂಟೆಯ ಬಿಡುವಿಗೆ ಅವಳು ಹಳೆಯ ಮೌಸಿಗೆ ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಎರಡು ಬೀದಿ ಆಚೆಗೆ ಕಂಪ್ಯೂಟರ್ ಸಾಮಾನಿನ ಅಂಗಡಿ. ಅದರ ಮಾಲೀಕ ಮಾತಿನ ಮಲ್ಲ. ಎರಡಾಳು ಅಗಲದ ಅಂಗಡಿಯಲ್ಲಿ ಒಂದಾಳು ಅಗಲವನ್ನು ಅವನ ಹೊಟ್ಟೆಯೇ ತುಂಬಿತ್ತು.

"ಕೈ ತೋರಿಸಿ" ಎಂದ.

"ಮೌಸು ಬೇಕಾಗಿತ್ತು."

"ಅದಕ್ಕೇ ಕೈ ತೋರಿಸಿ ಅಂದಿದ್ದು. ಚಪ್ಪಲಿ ಅಂಗಡೀಲಿ ಕಾಲು ಚಾಚ್ತೀರಿ, ಮೌಸಿನಂಗಡೀಲಿ ಕೈ ಮುಚ್ಕೊಂಡು ನಿಂತ್ಕೊತೀರಿ. ದಿನಕ್ಕೆ ಎಂಟು ಗಂಟೆ ಹಿಡಿಯೋದನ್ನ ಬಣ್ಣ ನೋಡಿ ತಗೊಂಡು ಹೋಗ್ತಾರೆ ಜನ. ಆಮೇಲೆ ಕೈನೋವು ಅಂತ ಮುಲಾಮು ಹಚ್ಕೊತಾರೆ."

ಮುಲಾಮಿನ ಮಾತು ಕೇಳಿ ಅವಳು ಕೈಯನ್ನು ಸೆರಗಿನಡಿ ಎಳೆದುಕೊಂಡಳು. ಬೆಳಿಗ್ಗೆ ಹಚ್ಚಿದ್ದರ ವಾಸನೆ ಇನ್ನೂ ಇತ್ತು.

ಅವನು ಒಂದೊಂದಾಗಿ ಮುಂದಿಟ್ಟ. ಮೊದಲನೆಯದು ಚಪ್ಪಟೆ, ತೆಳ್ಳಗೆ. "ಇದು ಚೀಲದಲ್ಲಿ ಹಾಕ್ಕೊಂಡು ತಿರುಗೋರಿಗೆ. ದಿನವಿಡೀ ಹಿಡಿದ್ರೆ ಬೆರಳು ಅಂತರದಲ್ಲಿ ನೇತಾಡ್ತಾವೆ." ಎರಡನೆಯದಕ್ಕೆ ಮೈತುಂಬಾ ಬಣ್ಣದ ದೀಪ. "ಇದು ಆಟ ಆಡೋರಿಗೆ. ನಿಮಗೆ ಬೇಡ, ಮದುವೆ ಮನೆ ಅಲ್ಲ ಅದು, ಔಷಧಿ ಅಂಗಡಿ." ಮೂರನೆಯದು ನೆಟ್ಟಗೆ ನಿಂತಿತ್ತು, ಯಾರಿಗೋ ಕೈಕುಲುಕುವಂತೆ ಅದನ್ನು ಹಿಡಿಯಬೇಕು. ಅದನ್ನು ಹಿಡಿದಾಗ ಅವಳ ಮಣಿಕಟ್ಟಿಗೆ ನಿಜವಾಗಿಯೂ ಹಾಯೆನಿಸಿತು. ಬೆಲೆ ಕೇಳಿ ಮೆತ್ತಗೆ ಕೆಳಗಿಟ್ಟಳು.

"ಇದು ನೋಡಿ" ಎಂದು ನಾಲ್ಕನೆಯದನ್ನು ತಳ್ಳಿದ. ಬೂದು ಬಣ್ಣ, ಗುಂಡು ಬೆನ್ನು, ಹೆಬ್ಬೆರಳು ಕೂರಲು ಪಕ್ಕದಲ್ಲೊಂದು ತಗ್ಗು. "ಬೆನ್ನು ಅಂಗೈ ತುಂಬಬೇಕು, ಅದೇ ಗುಟ್ಟು. ಒಂದು ಸೆಲ್ ಹಾಕಿದ್ರೆ ವರ್ಷ ಬರುತ್ತೆ. ಉಗುರಿನಷ್ಟು ಚಿಕ್ಕದೊಂದು ತುಂಡು ಕಂಪ್ಯೂಟರಿಗೆ ಚುಚ್ಚಬೇಕು, ಅಷ್ಟೇ. ಒತ್ತಿದ್ರೆ ಸದ್ದೂ ಮಾಡಲ್ಲ. ಬೆಲೆ ಆ ನೆಟ್ಟಗಿರೋದರ ಕಾಲುಭಾಗ."

ಅವಳು ಹಿಡಿದು ನೋಡಿದಳು. ಬೆಚ್ಚಗೆ ಕೂತಿತು. ಹೆಬ್ಬೆರಳ ಬುಡದ ಉರಿ ಇದ್ದಕ್ಕಿದ್ದಂತೆ ಒಂದು ಹೆಜ್ಜೆ ಹಿಂದೆ ಸರಿದ ಹಾಗಾಯಿತು. ಇದೇ ಇರಲಿ ಎನ್ನುವಷ್ಟರಲ್ಲಿ ಅವನು ಕೈಚಾಚಿದ.

"ಹಳೇದನ್ನ ಕೊಡಿ. ಯಾಕೆ ಬಿಡ್ತಿದ್ದೀರಿ ಅಂತ ಗೊತ್ತಾಗ್ಲಿ."

ಮೇಜಿನ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ಒಂದು ಪುಟ ತೆರೆದ. ಒತ್ತಿದ್ದನ್ನು ಎಣಿಸಿ ತೋರಿಸುವ ಪುಟ ಅದು. ತನ್ನ ದಪ್ಪ ಬೆರಳಿನಿಂದ ಗಟ್ಟಿಯಾಗಿ ಎಣಿಸುತ್ತಾ ಹತ್ತು ಸಲ ಒತ್ತಿದ. ಪರದೆಯ ಮೇಲೆ ಹದಿಮೂರು ಎಂದು ಬಂತು.

ಅವನು ಹೊಟ್ಟೆ ಕುಣಿಸಿ ನಕ್ಕ. "ನೋಡಿ, ಇದಕ್ಕೆ ಬಿಕ್ಕಳಿಕೆ ಹತ್ತಿದೆ! ಒಳಗಿನ ತಗಡು ಸವೆದರೆ ಹೀಗೇ. ಒಂದು ಒತ್ತಿದ್ರೆ ಒಮ್ಮೊಮ್ಮೆ ಎರಡು ಅಂತ ಹೇಳುತ್ತೆ. ಇನ್ನೊಮ್ಮೆ ನೋಡೋಣ." ಮತ್ತೆ ಹತ್ತು ಒತ್ತಿದ. ಹನ್ನೆರಡು.

ಅವಳು ನಗಲಿಲ್ಲ. ಪರದೆಯ ಹತ್ತಿರ ಬಗ್ಗಿ ಆ ಅಂಕಿ ನೋಡಿದಳು.

"ಎಷ್ಟು... ಎಷ್ಟು ದಿನದಿಂದ ಹೀಗಾಗಿರಬಹುದು?"

"ಅದು ಹೇಗೆ ಹೇಳೋದು? ಒಂದು ವಾರ, ಎರಡು ವಾರ. ನಿಮಗೇ ಗೊತ್ತಾಗಿರ್ಬೇಕಲ್ಲ. ಒಂದು ಸಲ ಮುಟ್ಟಿದ್ರೆ ಫೈಲು ತಾನೇ ತೆರ್ಕೊಳ್ಳೋದು, ಹಾಗೆಲ್ಲ."

ಗೊತ್ತಾಗಿತ್ತು. ನಾಲ್ಕೈದು ದಿನದಿಂದ ಗೊತ್ತಾಗಿತ್ತು. ತನ್ನ ಕೈಯೇ ನಡುಗುತ್ತಿದೆ ಎಂದುಕೊಂಡು ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದಳು. ಕೂಡಿಸುವ ಗುರುತಿನ ಪಕ್ಕದ ಪುಟ್ಟ ಅಂಕಿ ಅವಳ ಕಣ್ಣೆದುರು ಬಂದು ನಿಂತಿತು. ಅದನ್ನು ನೋಡಿದ್ದಳೇ? ಇಲ್ಲ. ಬೆರಳು ಒತ್ತುವಷ್ಟರಲ್ಲಿ ಕಣ್ಣು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ತಾಳೆ ಪುಟ ಇದೆಯಲ್ಲ ಎಂಬ ಆರು ವರ್ಷದ ರೂಢಿ. ತಾಳೆ ಪುಟವನ್ನೇ ಬಿಟ್ಟ ಮೇಲೂ ಕಣ್ಣು ಹಳೆಯ ರೂಢಿಯಲ್ಲೇ ಓಡುತ್ತಿತ್ತು.

ಯಜಮಾನರಿಗೆ ಫೋನು ಹಚ್ಚಿದಳು. ಗೋಡೆಯ ಗಡಿಯಾರ ಹನ್ನೆರಡೂ ಮೂವತ್ತೆಂಟು ತೋರಿಸುತ್ತಿತ್ತು.

"ಸಾರ್, ತಾಳೆ ಪುಟ ತೆರೀದೆ ಅಚ್ಚು ಹಾಕಿದ ಚೀಟಿಗಳು ಯಾವ್ಯಾವು ಅಂತ ಕಂಪ್ಯೂಟರ್ ತೋರಿಸುತ್ತೆ. ಈ ಹತ್ತು ದಿನದ್ದು ನೋಡಿ. ಡಾಕ್ಟರ ಚೀಟಿ ಪಕ್ಕದಲ್ಲಿಟ್ಕೊಂಡು ನೋಡಿ. ಈಗಲೇ ನೋಡಿ."

"ತೆರೀದೆ ಅಚ್ಚು ಹಾಕಿದ್ದಾ? ಅಂಥದ್ದು ಇರೋದೇ ಇಲ್ಲವಲ್ಲ."

"ಇವೆ ಸಾರ್. ನಾನೇ ಹಾಕಿದ್ದು."

ಆ ಕಡೆಯಿಂದ ಕೀಲಿಮಣೆಯ ಸದ್ದು, ಡಬ್ಬದಿಂದ ಕಾಗದ ತೆಗೆಯುವ ಸದ್ದು. ಮಾತಿನ ಮಲ್ಲನೂ ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದ. ಯಜಮಾನರು ಒಂದೊಂದಾಗಿ ಓದುತ್ತಾ ಬಂದರು. ಟೈಲರಮ್ಮನದು ಸರಿಯಿದೆ. ಹಾಲಿನ ಡಿಪೋ ತಾತನದು ಸರಿಯಿದೆ. ಯಾರದೋ ವಿಟಮಿನ್ ಮಾತ್ರೆ ಒಂದರ ಜಾಗದಲ್ಲಿ ಎರಡು, ಅದರಿಂದ ತೊಂದರೆಯಿಲ್ಲ. ಒಂಬತ್ತು ಚೀಟಿ ಆದವು. ಹತ್ತನೆಯದಕ್ಕೆ ಯಜಮಾನರ ದನಿ ಇಳಿಯಿತು.

"ಗಡಿಯಾರದಜ್ಜ. ಮಧ್ಯಾಹ್ನದ ಪೊಟ್ಟಣ. ಗುಂಡಿಗೆ ಬಡಿತ ಇಳಿಸೋ ಮಾತ್ರೆ. ಡಾಕ್ಟರು ಬರೆದಿರೋದು ಒಂದು. ಚೀಟೀಲಿ ಎರಡಿದೆ. ನಾನೂ ಎರಡೇ ತುಂಬಿದೀನಿ ಕಣಮ್ಮಾ."

ನಿನ್ನೆ ಸಂಜೆ ಆ ಪೊಟ್ಟಣಗಳನ್ನು ಮನೆಗೆ ಹೋಗುವ ದಾರಿಯಲ್ಲಿ ಅವಳೇ ಕೊಟ್ಟು ಬಂದಿದ್ದಳು. ಹೊಸ ವಾರದ ಮೊದಲ ಪೊಟ್ಟಣ ಇವತ್ತು ಮಧ್ಯಾಹ್ನದ್ದು. ಅಜ್ಜ ಮಾತ್ರೆ ನುಂಗುವುದು ಒಂದು ಗಂಟೆಗೆ. ಒಂದು ಗಂಟೆ ಎಂದರೆ ಒಂದು ಗಂಟೆ. ಐವತ್ತು ವರ್ಷ ಊರಿನವರ ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಒಂದು ನಿಮಿಷ ಆಚೀಚೆ ಆಗುವುದಿಲ್ಲ.

"ಎಂಬತ್ತೆರಡು ವಯಸ್ಸು" ಎಂದರು ಯಜಮಾನರು. "ಆ ಗುಂಡಿಗೆ ಎರಡನ್ನ ತಡೆಯುತ್ತೋ ಇಲ್ವೋ ಹೇಳೋಕಾಗಲ್ಲ. ನಾನು ಅವರಿಗೆ ಫೋನ್ ಮಾಡ್ತೀನಿ, ಆಂಬುಲೆನ್ಸಿಗೂ ಹೇಳ್ತೀನಿ. ನೀವು ಓಡಿ!"

ಅಜ್ಜ ಫೋನು ಎತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವರ ಕಿವಿ ಮಂದ. ಗಡಿಯಾರ ಬಿಚ್ಚಿ ಕೂತರಂತೂ ಕಿವಿಯ ಮಿಷನ್ನು ತೆಗೆದಿಟ್ಟುಬಿಡುತ್ತಿದ್ದರು. ಗಡಿಯಾರದ ಬಡಿತವನ್ನು ಅವರು ಕೇಳುತ್ತಿದ್ದದ್ದು ಬೆರಳ ತುದಿಯಿಂದ.

ಅವಳು ಓಡಿದಳು. ನಲವತ್ತಾರರ ಹೆಂಗಸು, ರಸ್ತೆ ದಾಟಬೇಕಾದರೆ ಎರಡೂ ಕಡೆ ಮೂರು ಸಲ ನೋಡುವವಳು, ಒಂದು ಸಲವೂ ನೋಡದೆ ದಾಟಿದಳು. ಬಸ್ಸೊಂದು ಕಿರುಚಿ ನಿಂತಿತು, ಡ್ರೈವರ್ ಬಾಯಿಗೆ ಬಂದದ್ದು ಬೈದ. ಸೇತುವೆ ದಾಟಿದಳು, ಬೇಕರಿ ದಾಟಿದಳು, ಶಾಲೆಯ ಉದ್ದ ಗೋಡೆ ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಅಂಥ ಎಚ್ಚರದ ಅಜ್ಜನಿಗೆ ಇಂಥದ್ದೊಂದು ಗಂಡಾಂತರ ಬರಬಾರದು ಎಂದು ಯಾರಿಗೋ ಮೊರೆಯಿಡುತ್ತಾ ಓಡಿದಳು. ಅವರು ತರಕಾರಿಯನ್ನೂ ಭೂತಗನ್ನಡಿ ಇಟ್ಟು ನೋಡಿ ಕೊಳ್ಳುವವರು. ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಪುಟ್ಟ ಕಪ್ಪು ಕೊಳವೆ, ಅದನ್ನು ದಾರ ಕಟ್ಟಿ ಕೊರಳಲ್ಲೇ ನೇತುಹಾಕಿಕೊಂಡಿರುತ್ತಿದ್ದರು. ಚಿಲ್ಲರೆ ನೋಡುವುದು ಅದರಲ್ಲಿ, ಕರೆಂಟ್ ಬಿಲ್ಲು ಓದುವುದು ಅದರಲ್ಲಿ. ಅವಳು ತಂದ ಪೊಟ್ಟಣಗಳನ್ನು ಮಾತ್ರ ಹಾಗೆಯೇ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. "ನೋಡ್ಕೊಳ್ಳಿ ಅಜ್ಜ, ಒಂದ್ಸಲ ಎಣಿಸಿ" ಎಂದು ಅವಳು ಪ್ರತಿ ವಾರ ಹೇಳುತ್ತಿದ್ದಳು. "ನೀನು ಮೂರು ಸಲ ನೋಡಿರ್ತೀಯ. ನಾಲ್ಕನೇದು ನಾನ್ಯಾಕೆ ನೋಡ್ಲಿ?" ಎಂದು ಅವರು ಪ್ರತಿ ವಾರ ನಗುತ್ತಿದ್ದರು.

ನಿನ್ನೆಯೂ ಹೇಳಿದ್ದಳು. ನಿನ್ನೆಯೂ ನಕ್ಕಿದ್ದರು.

ಅವರ ಮನೆ ಎರಡನೇ ಮಹಡಿಯಲ್ಲಿ. ಮೊದಲ ಮಹಡಿಯ ತಿರುವಿಗೆ ಬಂದಾಗ ಮೇಲಿನಿಂದ ಸದ್ದು ಶುರುವಾಯಿತು. ಮೊದಲು ಒಂದು ಗಡಿಯಾರ ಢಣ್ ಎಂದಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಒಂದು ಕೋಗಿಲೆ ಕೂಗಿತು. ರಿಪೇರಿಗೆ ಬಂದು ಯಾರೂ ಒಯ್ಯದೆ ಬಿಟ್ಟ ಇಪ್ಪತ್ತು ಗಡಿಯಾರಗಳು ಆ ಮನೆಯಲ್ಲಿದ್ದವು, ಅಷ್ಟೂ ಒಂದು ಗಂಟೆ ಬಾರಿಸಿದವು. ಬಾರಿಸಿ ಸುಮ್ಮನಾದವು. ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲನ್ನು ತಬ್ಬಿಕೊಂಡ ಹಾಗೆ ಹತ್ತಿದಳು.

ಬಾಗಿಲು ಬಡಿದಳು. ಕಾಲಿಂಗ್ ಬೆಲ್ ಒತ್ತಿದಳು. "ಅಜ್ಜಾ! ನುಂಗಬೇಡಿ! ಅಜ್ಜಾ!" ಎದುರು ಮನೆಯ ನಾಯಿ ಬೊಗಳಿತು, ಈ ಬಾಗಿಲು ಮಾತ್ರ ಅಲ್ಲಾಡಲಿಲ್ಲ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು, ನಿಂತಿತು, ಮತ್ತೆ ಹೊಡೆದುಕೊಳ್ಳತೊಡಗಿತು. ಅದು ಯಜಮಾನರದು. ಅವಳು ಎಡಗೈ ಮುಷ್ಟಿಯಿಂದ ಬಾಗಿಲು ಗುದ್ದಿದಳು, ಪಾದದಿಂದ ಒದ್ದಳು. ಇವತ್ತಿನವರೆಗೆ ಇನ್ನೊಬ್ಬರ ಬಾಗಿಲನ್ನು ಒದ್ದವಳಲ್ಲ. ನೆಲ ಅದುರಿದ್ದು ಅಜ್ಜನ ಪಾದಕ್ಕೆ ತಿಳಿಯಿತೋ ಏನೋ, ಬಾಗಿಲು ತೆರೆಯಿತು.

ಅಜ್ಜ ನಿಂತಿದ್ದರು. ಒಂದು ಕೈಯಲ್ಲಿ ಖಾಲಿ ಲೋಟ. ಇನ್ನೊಂದು ಕೈಯಲ್ಲಿ ಹರಿದ ಪೊಟ್ಟಣ.

"ಅರೆ, ನೀನಾ? ಈ ಹೊತ್ನಲ್ಲಿ? ಬಾ ಬಾ." ಅವಳ ಮುಖ ನೋಡಿ ಕಿವಿಯ ಮಿಷನ್ನು ಹುಡುಕಿ ಸಿಕ್ಕಿಸಿಕೊಂಡರು.

"ಮಾತ್ರೆ ಎಲ್ಲಿ ಅಜ್ಜ?"

"ನುಂಗಿದೆ. ಈ ವಾರ ಎರಡು ಮಾಡಿದಾರಲ್ಲ ಡಾಕ್ಟ್ರು. ಒಂದು ಕ್ಷಣ ಯೋಚನೆ ಬಂತು, ಎರಡ್ಯಾಕೆ ಅಂತ. ಆಮೇಲೆ, ನೀನು ಹಾಕಿರೋದಲ್ವಾ, ಸರಿಯಾಗೇ ಇರುತ್ತೆ ಅಂತ ನುಂಗಿದೆ."

ಆ ಮಾತು ಅವಳ ಎದೆಗೆ ನಾಟಿತು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಅದು ಒಂದಿರಬೇಕಿತ್ತು ಅಜ್ಜ. ತಪ್ಪಾಗಿದೆ. ನನ್ನಿಂದಲೇ ತಪ್ಪಾಗಿದೆ. ಕೂತ್ಕೊಳ್ಳಿ. ಅಲ್ಲಾಡಬೇಡಿ. ಗಾಡಿ ಬರ್ತಿದೆ."

ಅಜ್ಜ ಅವಳನ್ನೇ ನೋಡಿದರು. ಕುರ್ಚಿಯಲ್ಲಿ ಕೂತು, ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು ಗೋಡೆಯ ಗಡಿಯಾರದ ಮೇಲೆ ಕಣ್ಣು ನೆಟ್ಟರು.

"ಅರವತ್ತೆರಡು" ಎಂದರು ಒಂದು ನಿಮಿಷದ ಮೇಲೆ. "ಇದು ನನ್ನ ಮಾಮೂಲು ಓಟ. ಇನ್ನೂ ಶುರುವಾಗಿಲ್ಲ."

ಆಂಬುಲೆನ್ಸ್ ಬರಲು ಹದಿನೆಂಟು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಆ ಮನೆಯ ಇಪ್ಪತ್ತು ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಇದ್ದವು. ಒಂದನ್ನಾದರೂ ನಿಲ್ಲಿಸಬಾರದೇ ಎನ್ನಿಸಿತು ಅವಳಿಗೆ. ಮರುಕ್ಷಣವೇ, ಅಯ್ಯೋ, ಈ ಮನೆಯಲ್ಲಿ ಇವತ್ತು ಏನೂ ನಿಲ್ಲದಿರಲಿ ಎಂದು ಹೆದರಿದಳು. ಅಜ್ಜ ಆಗಾಗ ಒಂದು ಅಂಕಿ ಹೇಳುತ್ತಿದ್ದರು. ಅರವತ್ತು. ಐವತ್ತೊಂಬತ್ತು. ಬೇರೆಯವರ ಗಡಿಯಾರದ ಮಾತನಾಡುವಂತೆ ಹೇಳುತ್ತಿದ್ದರು.

ಗಾಡಿಯಲ್ಲಿ ಮಲಗಿಸಿದ ಮೇಲೆ ಬಡಿತ ಬೇಗ ಬೇಗ ಇಳಿಯತೊಡಗಿತು.

"ಐವತ್ತೆರಡು. ತಡವಾಗಿ ಓಡ್ತಿದೆ."

"ಮಾತಾಡ್ಬೇಡಿ ಅಜ್ಜ."

"ಎಣಿಸದಿದ್ರೆ ಹೆದರಿಕೆ ಆಗುತ್ತೆ ಮಗಳೇ." ಸ್ವಲ್ಪ ಹೊತ್ತು ಬಿಟ್ಟು, "ನಲವತ್ತಾರು" ಎಂದರು.

ಅವರು ಹೆದರಿದ್ದಾರೆ ಎಂದು ಅವಳಿಗೆ ಆಗ ಗೊತ್ತಾಯಿತು. ಅವರ ತುಟಿ ಬಿಳುಚಿತ್ತು, ಹಣೆ ತಣ್ಣಗೆ ಬೆವರಿತ್ತು. ನಲವತ್ತೊಂದು ಎಂದವರು ಆಮೇಲೆ ಅಂಕಿ ಹೇಳುವುದನ್ನು ನಿಲ್ಲಿಸಿದರು. ಬೆರಳು ಮಣಿಕಟ್ಟಿನಿಂದ ಜಾರಿತು. ಅವರ ಮಣಿಕಟ್ಟನ್ನು ತಾನೇ ಹಿಡಿದು ಎಣಿಸಲು ನೋಡಿದಳು. ಒಂದು ಬಡಿತ ಬಂತು. ಮುಂದಿನದಕ್ಕೆ ಕಾದಳು. ಕಾದಳು. ಬಂತು. ಒಂದು ಎನ್ನುವುದಕ್ಕೂ ಎರಡು ಎನ್ನುವುದಕ್ಕೂ ನಡುವೆ ಇಷ್ಟು ದೊಡ್ಡ ಕಂದಕ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಬಾಗಿಲಾಚೆ ಒಯ್ದರು. ಇವಳು ಬೆಂಚಿನ ಮೇಲೆ ಕೂತಳು. ಯಜಮಾನರು ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕೂತರು. ಉಸಿರು ಹದಕ್ಕೆ ಬಂದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

"ಮೌಸು ಕೆಟ್ಟಿತ್ತು. ಕೇಳಿದ್ರೆ ಅದನ್ನೇ ಹೇಳಿ. ಅದು ಸುಳ್ಳೂ ಅಲ್ಲ."

ಅದು ಸುಳ್ಳಲ್ಲ. ಆ ಬೆಂಚಿನ ಮೇಲೆ ಕೂತು ಅವಳು ಅದನ್ನು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೋ. ಹಾಗೆ ಹೇಳಿದರೆ ಕೆಲಸ ಉಳಿಯುತ್ತದೆ, ಮಾನ ಉಳಿಯುತ್ತದೆ. ಒಳ್ಳೆಯ ಮಾತು, ಕೈಗೆಟಕುವ ಮಾತು.

ಬಿಳಿ ಕೋಟಿನ ಡಾಕ್ಟರಮ್ಮ ಹೊರಗೆ ಬಂದರು. "ಬಡಿತ ಏರ್ತಾ ಇದೆ. ಅರ್ಧ ಗಂಟೆ ತಡವಾಗಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗ್ತಿತ್ತು. ಎರಡು ದಿನ ಇಲ್ಲೇ ಇರ್ಲಿ. ಇದು ಹೇಗಾಯ್ತು?"

ಯಜಮಾನರು ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು. "ಮೌಸು ಕೆಟ್ಟಿತ್ತು, ಒಂದಕ್ಕೆ ಎರಡು ಒತ್ತುತ್ತಿತ್ತು. ಆದ್ರೆ ಅದನ್ನ ಹಿಡಿಯೋಕೆ ಅಂತಲೇ ಒಂದು ಪುಟ ಇದೆ. ನನ್ನ ಕೈ ನೋಯ್ತಿತ್ತು, ಯಾರಿಗೂ ಹೇಳ್ಲಿಲ್ಲ, ಆ ಪುಟ ತೆರೀಲಿಲ್ಲ. ಹತ್ತು ದಿನದಿಂದ ತೆರೀತಿರ್ಲಿಲ್ಲ."

ಡಾಕ್ಟರಮ್ಮನ ಕಣ್ಣು ಅವಳ ಬಲಗೈ ಮೇಲಿತ್ತು. "ನೋಯೋ ಕೈಯಲ್ಲಿ ಏನದು?"

ಅವಳು ಕೆಳಗೆ ನೋಡಿದಳು. ಬೂದು ಬಣ್ಣದ, ಗುಂಡು ಬೆನ್ನಿನ, ಹೊಚ್ಚ ಹೊಸ ಮೌಸು. ಅಂಗಡಿಯಿಂದ ಹಿಡಿದುಕೊಂಡೇ ಓಡಿಬಂದಿದ್ದಳು. ಬಸ್ಸಿಗೆ ಅಡ್ಡ ಬಂದಾಗ, ಬಾಗಿಲು ಗುದ್ದಿದಾಗ, ಗಾಡಿಯಲ್ಲಿ, ಈ ಬೆಂಚಿನ ಮೇಲೆ, ಬಿಟ್ಟಿರಲೇ ಇಲ್ಲ. ಯಜಮಾನರು ಅದನ್ನೂ ಅವಳ ಮುಖವನ್ನೂ ನೋಡಿದರು.

"ದುಡ್ಡು ಕೊಟ್ಟು ತಂದ್ರಾ, ಹಾಗೇ ತಂದ್ರಾ?"

"ಹಾಗೇ ತಂದೆ ಸಾರ್" ಎಂದು ಅವಳು ಅತ್ತುಬಿಟ್ಟಳು.

ಮರುದಿನ ಮಾತಿನ ಮಲ್ಲ ಅವಳನ್ನು ಕಂಡವನೇ ಎದ್ದು ನಿಂತ. "ಅಜ್ಜ ಹೇಗಿದಾರೆ?" ಎಂದು ಮೊದಲು ಕೇಳಿದ. ಬದುಕಿದ್ದಾರೆ ಎಂದ ಮೇಲೆಯೇ ಅವನ ನಾಲಿಗೆ ಸಡಿಲವಾದದ್ದು. "ಮೂರು ಗಂಟೆ ಹೊತ್ತು ಕೈಯಲ್ಲೇ ಇಟ್ಕೊಂಡು ಪರೀಕ್ಷೆ ಮಾಡಿ ಮೌಸು ಕೊಂಡವರನ್ನ ನಾನು ನೋಡಿಲ್ಲ. ಕೈ ನೋಯ್ತಾ?" ಅವಳಿಗೆ ಆಗ ಹೊಳೆಯಿತು. ನೋವಾಗಿರಲಿಲ್ಲ. ದುಡ್ಡು ಕೊಡುವ ಮುಂಚೆ ಅವಳು ಎಣಿಸುವ ಪುಟ ತೆರೆಸಿ ಅದನ್ನು ಹತ್ತು ಸಲ ಒತ್ತಿದಳು. ಹತ್ತು. ಮತ್ತೆ ಹತ್ತು. ಮತ್ತೆ. ಅವನು ಗಡ್ಡ ಕೆರೆದುಕೊಳ್ಳುತ್ತಾ ಕಾದ.

ಯಜಮಾನರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿದರು. ತಾವೂ ಡಾಕ್ಟರ ಚೀಟಿ ಮುಂದಿಟ್ಟುಕೊಂಡೇ ತುಂಬತೊಡಗಿದರು. ತಾಳೆ ಪುಟ ತೆರೆಯದಿದ್ದರೆ ಚೀಟಿಯೇ ಅಚ್ಚಾಗದಂತೆ ಕಂಪ್ಯೂಟರಿನವರಿಂದ ಮಾಡಿಸಿದರು. ಆದರೂ ಹೊಸ ಮೌಸು ಒತ್ತಿದಾಗಲೆಲ್ಲ ಅವಳು ಒಂದು ಕ್ಷಣ ತಡೆಯುತ್ತಿದ್ದಳು. ಸದ್ದೇ ಮಾಡದ ಮೌಸು ಅದು. ಒತ್ತಿದ್ದು ಒಂದೋ ಎರಡೋ ಎಂದು ಕಿವಿಗೆ ತಿಳಿಯುವಂತಿರಲಿಲ್ಲ. ಕಣ್ಣಿನಿಂದಲೇ ನೋಡಬೇಕಿತ್ತು.

ಮುಂದಿನ ವಾರ ಮಧ್ಯಾಹ್ನದ ಬಿಡುವಿನಲ್ಲೇ ಅಜ್ಜನ ಪೊಟ್ಟಣಗಳನ್ನು ತೆಗೆದುಕೊಂಡು ಹೋದಳು. ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು, ಕೇಳಲಿಲ್ಲ. ಅಜ್ಜ ಸ್ವಲ್ಪ ಬಡವಾಗಿದ್ದರು. ಎಂದಿನಂತೆ "ಬಾ ಬಾ" ಎಂದರು. ಕುರ್ಚಿ ತೋರಿಸಿದರು. ಅವಳ ಕೈಪಟ್ಟಿ ನೋಡಿ, ಹೇಗಿದೆ ಎಂದು ವಿಚಾರಿಸಿದರು. ಆ ದಿನದ ಬಗ್ಗೆ ಒಂದು ಮಾತಿಲ್ಲ, ಒಂದು ಹುಬ್ಬುಗಂಟಿಲ್ಲ. ಅವಳಿಗೆ ಹೋದ ಉಸಿರು ಬಂದಂತಾಯಿತು. ಪೊಟ್ಟಣಗಳನ್ನು ಮೇಜಿನ ಮೇಲಿಟ್ಟಳು. "ನೋಡ್ಕೊಳ್ಳಿ ಅಜ್ಜ, ಒಂದ್ಸಲ ಎಣಿಸಿ" ಎಂಬ ಮಾತು ಈ ಸಲ ಅವಳ ಬಾಯಿಂದ ಹೊರಡಲಿಲ್ಲ.

ಒಂದು ಗಂಟೆ ಬಾರಿಸಿತು. ಇಪ್ಪತ್ತೂ ಗಡಿಯಾರ ಬಾರಿಸಿ ಮುಗಿಸಿದವು. ಅಜ್ಜ ಲೋಟಕ್ಕೆ ನೀರು ತುಂಬಿಕೊಂಡು, ಮಧ್ಯಾಹ್ನದ ಪೊಟ್ಟಣ ಹರಿದು ಅಂಗೈ ಮೇಲೆ ಸುರಿದುಕೊಂಡರು. ಒಂದು ಮಾತ್ರೆ ಬಿತ್ತು. ಅವರು ನುಂಗಲಿಲ್ಲ. ಕೊರಳಿನ ದಾರ ಎಳೆದು, ಆ ಕಪ್ಪು ಕೊಳವೆಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿ, ಅಂಗೈ ಮೇಲಿನ ಆ ಒಂದೇ ಒಂದು ಮಾತ್ರೆಯನ್ನು ತುಂಬಾ ಹೊತ್ತು ನೋಡಿದರು. ಪೊಟ್ಟಣವನ್ನು ತಲೆಕೆಳಗು ಮಾಡಿ ಕೊಡವಿ ನೋಡಿದರು. ಆಮೇಲೆ ಅವಳು ಇದ್ದಾಳೆಂಬುದು ನೆನಪಾಗಿ, ನಾಚಿಕೊಂಡವರಂತೆ ಕೊಳವೆಯನ್ನು ಕಣ್ಣಿನಿಂದ ತೆಗೆದರು.

"ಏನಿಲ್ಲ ಮಗಳೇ, ಸುಮ್ನೆ... ಬೆಳಕು ಕಡಿಮೆ ಇತ್ತು."

ಕಿಟಕಿ ತುಂಬಾ ಮಧ್ಯಾಹ್ನದ ಬಿಸಿಲಿತ್ತು.

"ಹಾಗೇ ನೋಡಿ ಅಜ್ಜ" ಎಂದಳು ಅವಳು. "ಇನ್ಮೇಲೆ ಯಾವಾಗ್ಲೂ ಹಾಗೇ ನೋಡಿ. ನಾನು ತಂದಿದ್ದನ್ನ."